ಪಾಡ್‌ನಲ್ಲಿ ನಾಲ್ಕು ಪಾಲು: ಆನ್‌ಲೈನ್ ಆಟದ ಜೊತೆಗಾರರ ಬಗ್ಗೆ ನಿಮ್ಮ ಪ್ರಶ್ನೆಗಳು

ಆನ್‌ಲೈನ್ ಆಟದಲ್ಲಿ ಗುರುತಿಲ್ಲದವರ ಜೊತೆ ಆಡುವಾಗ ಏನು ತೊಂದರೆ ಆಗುತ್ತದೆ, ಬರೆದು ಕಳಿಸಿ ಎಂದು ಕೇಳಿದ್ದೆ. ತುಂಬಾ ಪತ್ರಗಳು ಬಂದವು. ಓದುತ್ತಾ ಹೋದಂತೆ ಒಂದು ವಿಷಯ ಕಣ್ಣಿಗೆ ಬಿತ್ತು. ಎದುರು ತಂಡದವರ ಮೇಲೆ ದೂರು ಹೇಳಿದವರು ಕಡಿಮೆ. ಒಂದೇ ತಂಡದಲ್ಲಿ, ಒಂದೇ ಕೆಲಸಕ್ಕೆ ಹೊರಟವರ ನಡುವಿನ ಜಗಳವೇ ಜಾಸ್ತಿ. ಹಾಗಾಗಿ ಈ ಸಲ ಕೂಡಿ ಆಡುವ ಆಟಗಳ ಪ್ರಶ್ನೆಗಳನ್ನು ಮಾತ್ರ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾ, ನಾನು ಡೀಪ್ ರಾಕ್ ಗ್ಯಾಲಕ್ಟಿಕ್ ಆಡುತ್ತೇನೆ. ಮೊನ್ನೆ ರ್‍ಯಾಂಡಮ್ ಆಗಿ ಸಿಕ್ಕ ಮೂವರ ಜೊತೆ ಇದ್ದೆ. ಗುಂಡು ಖಾಲಿಯಾಗಿತ್ತು, ಗುಂಡು ತರುವ ಪಾಡ್ ಕರೆಸಿದೆವು. ನಾನು ಹೋಗುವಷ್ಟರಲ್ಲಿ ಒಬ್ಬ ಎರಡು ಪಾಲು ತಗೊಂಡುಬಿಟ್ಟಿದ್ದ. ಸಿಟ್ಟು ಬಂದು ಚಾಟ್‌ನಲ್ಲಿ ಕಳ್ಳ ಅಂತ ಬರೆದೆ, ಇನ್ನೂ ಏನೇನೋ ಬರೆದೆ. ಆಟ ಶುರು ಮಾಡಿದ್ದ ಹೋಸ್ಟ್ ನನ್ನನ್ನೇ ಕಿಕ್ ಮಾಡಿ ಹೊರಗೆ ಹಾಕಿದ. ತಪ್ಪು ಯಾರದು?
(ಡಿಗ್ರಿ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಈ ಆಟ ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ ಹೇಳುತ್ತೇನೆ. ಇದು ಡೆನ್ಮಾರ್ಕ್‌ನ ಘೋಸ್ಟ್ ಶಿಪ್ ಗೇಮ್ಸ್ ಮಾಡಿದ ಆಟ, 2020ರಲ್ಲಿ ಪೂರ್ತಿಯಾಗಿ ಬಿಡುಗಡೆ ಆಯಿತು. ನಾಲ್ವರು ಕುಳ್ಳ ಗಣಿ ಕೆಲಸಗಾರರು ಕತ್ತಲ ಗುಹೆಗೆ ಇಳಿದು ಅದಿರು ಅಗೆಯುತ್ತಾರೆ, ಹುಳುಗಳ ಜೊತೆ ಹೊಡೆದಾಡುತ್ತಾರೆ, ಕೊನೆಗೆ ಎಲ್ಲರೂ ಮೇಲೆ ಬರಬೇಕು. ನೈಟ್ರಾ ಅನ್ನುವ ಕೆಂಪು ಅದಿರು 80 ಸೇರಿದರೆ ಒಂದು ಸಪ್ಲೈ ಪಾಡ್ ಕರೆಸಬಹುದು. ಅದರಲ್ಲಿ ನಾಲ್ಕು ಪಾಲು ಇರುತ್ತವೆ. ಒಂದು ಪಾಲು ತಗೊಂಡರೆ ಅರ್ಧದಷ್ಟು ಗುಂಡು ತುಂಬುತ್ತದೆ.

ನಾಲ್ಕು ಜನ, ನಾಲ್ಕು ಪಾಲು. ಲೆಕ್ಕ ಸುಲಭ. ಆದರೆ ಒಬ್ಬನೇ ನಾಲ್ಕನ್ನೂ ತಗೊಂಡರೆ ಆಟ ತಡೆಯುವುದಿಲ್ಲ. ಒಬ್ಬರಿಗೆ ಒಂದು ಅನ್ನುವುದು ಆಡುವವರೇ ಮಾಡಿಕೊಂಡ ರೂಢಿ. ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆ ಬಂದಾಗ ಕೊನೆಯ ಎಲೆಗೂ ಉಳಿಯಬೇಕು ಅಂತ ಯಾರೂ ಬೋರ್ಡ್ ಹಾಕಿರುವುದಿಲ್ಲ ಅಲ್ವಾ? ನಾಲ್ಕಾರು ಊಟಕ್ಕೆ ಕೂತವರಿಗೆ ಅದು ಗೊತ್ತು. ಮೊದಲ ಸಲ ಕೂತ ಮಗುವಿಗೆ ಗೊತ್ತಿರುವುದಿಲ್ಲ.

ಆ ಮಗು ಇವನೇ ಇರಬಹುದಲ್ಲ? ಹೆಸರಿನ ಜೊತೆ ಲೆವೆಲ್ ಕಾಣಿಸುತ್ತದೆ, ನೀವು ನೋಡಿದಿರಾ? ಅವನು ಹೊಸಬನಾಗಿದ್ದರೆ 'ಒಬ್ಬರಿಗೆ ಒಂದು' ಅಂತ ಒಂದೇ ಸಾಲು ಸಾಕಿತ್ತು. ಇನ್ನೊಂದು ಸಾಧ್ಯತೆಯೂ ಇದೆ. ತಂಡದಲ್ಲಿ ಯಾರೋ 'ನನ್ನ ಹತ್ತಿರ ಗುಂಡು ಇದೆ, ನನ್ನದು ನೀನು ತಗೋ' ಅಂದಿರಬಹುದು, ಅದು ನಿಮ್ಮ ಕಿವಿಗೆ ಬಿದ್ದಿರಲಿಕ್ಕಿಲ್ಲ. ಪಾಲು ತಪ್ಪಿದಾಗ ಕೇಳುವುದು ನಿಮ್ಮ ಹಕ್ಕು. ಕೇಳದೆ ಕಳ್ಳ ಅಂದಿದ್ದು ತಪ್ಪು. ಹೋಸ್ಟ್ ಕೂಡ ಒಂದು ಮಾತು ಹೇಳಿ ನೋಡಬಹುದಿತ್ತು, ಸೀದಾ ಹೊರಗೆ ಹಾಕಬಾರದಿತ್ತು. ಅರ್ಧ ಗಂಟೆ ಬೆವರು ಸುರಿಸಿದವನನ್ನು ಕೊನೆಯ ಐದು ನಿಮಿಷದಲ್ಲಿ ಕಳಿಸುವುದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ.

ಈ ಆಟದಲ್ಲಿ ನನಗೆ ತುಂಬಾ ಇಷ್ಟವಾದದ್ದನ್ನೂ ಹೇಳಲೇಬೇಕು. ಇಲ್ಲಿ ಯಾರು ಅದಿರು ಅಗೆದರೂ ಅದು ಎಲ್ಲರ ಲೆಕ್ಕಕ್ಕೂ ಸೇರುತ್ತದೆ. ಬೇರೆಯವರಿಗಿಂತ ಮೊದಲು ಓಡಿ ಹೋಗಿ ಚಿನ್ನ ಅಗೆಯುವ ಅಗತ್ಯವೇ ಇಲ್ಲ. ನಾನು ಹೊಸದಾಗಿ ಸ್ಕೌಟ್ ಅನ್ನುವ ಪಾತ್ರದಲ್ಲಿ ಆಡುತ್ತಿದ್ದಾಗ ಚಾವಣಿಯಲ್ಲಿ ಅದಿರು ಕಾಣಿಸುತ್ತಿತ್ತು, ಹುಕ್ ಹಾಕಿ ಹಾರಿದರೂ ಅಲ್ಲಿ ಕಾಲೂರಲು ಜಾಗ ಇಲ್ಲದೆ ಮತ್ತೆ ಮತ್ತೆ ಕೆಳಗೆ ಬೀಳುತ್ತಿದ್ದೆ. ಇಂಜಿನಿಯರ್ ಪಾತ್ರದಲ್ಲಿದ್ದವರು ಯಾರೋ, ಯಾವ ದೇಶದವರೋ, ಒಂದು ಮಾತೂ ಆಡದೆ ಆ ಅದಿರಿನ ಕೆಳಗೆ ಒಂದು ಪ್ಲಾಟ್‌ಫಾರ್ಮ್ ಹಾಕಿದರು, ಲೇಸರ್ ಪಾಯಿಂಟರ್‌ನಿಂದ ಅದನ್ನು ತೋರಿಸಿದರು, ನಾನು ಹತ್ತಿ ಅಗೆದು ಮುಗಿಸುವ ತನಕ ಕೆಳಗೆ ಹುಳುಗಳನ್ನು ಹೊಡೆಯುತ್ತಾ ನಿಂತಿದ್ದರು. ನಾನು ಇಳಿದ ಮೇಲೆ ಇಬ್ಬರೂ ಸಲಾಮಿನ ಬಟನ್ ಒತ್ತಿದೆವು, 'ರಾಕ್ ಅಂಡ್ ಸ್ಟೋನ್' ಎಂದು ಕೂಗು ಬಂತು. ಅಷ್ಟೇ. ಆ ಆಟ ಇವತ್ತಿಗೂ ನೆನಪಿದೆ.

ಪ್ರಶ್ನೆ: ಅಕ್ಕಾ, ನಾನು ಒಂಬತ್ತನೇ ಕ್ಲಾಸು. ಮೈನ್‌ಕ್ರಾಫ್ಟ್ ಆಟದ ಸರ್ವರ್‌ನಲ್ಲಿ (ಎಲ್ಲರೂ ಸೇರಿ ಆಡುವ ಜಾಗ) ನನ್ನ ಪಾತ್ರಕ್ಕೆ ಹಸಿವಾಗಿತ್ತು, ಒಬ್ಬರ ಹೊಲದಲ್ಲಿ ಗೋಧಿ ಕೊಯ್ದು ರೊಟ್ಟಿ ಮಾಡಿಕೊಂಡೆ. ಅವರು ನನ್ನನ್ನು ಗ್ರೀಫರ್ (ಬೇರೆಯವರ ಆಟ ಹಾಳು ಮಾಡುವವನು) ಅಂತ ಕರೆದರು. ಬರೀ ಆಟ ತಾನೇ?
(ಹಾವೇರಿ)

ಉತ್ತರ: ಪುಟ್ಟಾ, ನೀನು ಹಾವೇರಿಯವನು, ಹೊಲ ಅಂದರೆ ಏನು ಅಂತ ನಾನು ನಿನಗೆ ಹೇಳಬೇಕಾಗಿಲ್ಲ. ಪಕ್ಕದವನು ಒಂದು ಗೇಣು ಬದು ಒತ್ತಿದ ಅಂತ ಊರಲ್ಲಿ ಎಷ್ಟು ವರ್ಷ ಮಾತು ಬಿಟ್ಟಿರುತ್ತಾರೆ! ಆಟದ ಹೊಲಕ್ಕೂ ಯಾರೋ ನೀರು ತಂದಿದ್ದಾರೆ, ಬೀಜ ಹಾಕಿದ್ದಾರೆ, ಬೆಳೆಯುವ ತನಕ ಕಾದಿದ್ದಾರೆ. ಅವರ ಸಂಜೆ ಅದರಲ್ಲಿ ಹೋಗಿದೆ.

ಹಸಿವಾದಾಗ ಕೊಯ್ದಿದ್ದು ದೊಡ್ಡ ಅಪರಾಧ ಏನಲ್ಲ. ಕೊಯ್ದ ಮೇಲೆ ಮತ್ತೆ ಬೀಜ ಹಾಕಿದೆಯಾ? ಬಲಿತ ಗೋಧಿ ಕೊಯ್ದರೆ ಹೆಚ್ಚಾಗಿ ಬೀಜವೂ ಸಿಗುತ್ತದೆ, ಅಲ್ಲೇ ನೆಟ್ಟರೆ ಮುಗಿಯಿತು. ಎಳೆಯದನ್ನು ಕಿತ್ತರೆ ನಿನಗೂ ಗೋಧಿ ಸಿಗುವುದಿಲ್ಲ, ಅವರ ಬೆಳೆಯೂ ಹೋಗುತ್ತದೆ. ಉತ್ತ ಮಣ್ಣಿನ ಮೇಲೆ ಹಾರಬೇಡ, ಮಣ್ಣು ಗಟ್ಟಿಯಾಗಿ ಪೈರು ಕಿತ್ತು ಬರುತ್ತದೆ. ನಿನ್ನ ಬೆನ್ನು ಹತ್ತಿ ಬಂದ ಕ್ರೀಪರ್ ಅನ್ನುವ ಸಿಡಿಯುವ ಜೀವಿ ಯಾರದೋ ಮನೆ ಮುಂದೆ ಸಿಡಿದರೆ ಆ ಗುಂಡಿ ಮುಚ್ಚುವುದು ನಿನ್ನ ಕೆಲಸ. ಪೆಟ್ಟಿಗೆ ಬೀಗ ಇಲ್ಲದೆ ತೆರೆಯುತ್ತದೆ ಅಂದರೆ ಅದು ಎಲ್ಲರದೂ ಅಂತಲ್ಲ, ಬೋರ್ಡ್ ಇದೆಯಾ ನೋಡು. ಇಲ್ಲದಿದ್ದರೆ ಕೇಳು.

ಈಗ ಹೋಗಿ ಗೋಧಿ ಎಷ್ಟು ಕೊಯ್ದೆಯೋ ಅಷ್ಟು ವಾಪಸ್ ಇಟ್ಟು, 'ಕೇಳದೆ ತಗೊಂಡೆ, ಸಾರಿ' ಅಂತ ಬರೆದು ಬಾ. ಆಮೇಲೂ ಗ್ರೀಫರ್ ಅಂದರೆ ಬೇರೆ ಕಡೆ ಮನೆ ಕಟ್ಟಿಕೋ, ಜಾಗಕ್ಕೇನು ಬರ ಇಲ್ಲ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಓದುವ ಹುಡುಗಿ. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಚೆನ್ನಾಗಿ ಆಡುತ್ತೇನೆ. ಫ್ರೆಂಡ್ಸ್ ಇಲ್ಲದಾಗ ರ್‍ಯಾಂಡಮ್ ಸ್ಕ್ವಾಡ್‌ಗೆ ಹೋಗುತ್ತೇನೆ. ಮೈಕ್ ಆನ್ ಮಾಡಿ 'ಎಡಗಡೆ ಎನಿಮಿ' ಅಂದ ತಕ್ಷಣ ಆಟ ನಿಂತುಹೋಗುತ್ತದೆ. ಹೆಸರೇನು, ಎಲ್ಲಿಯವಳು, ಇನ್‌ಸ್ಟಾ ಐಡಿ ಕೊಡು ಅಂತ ಶುರು. ಕೊಡದಿದ್ದರೆ ಬೈಗುಳ. ಮೈಕ್ ಆಫ್ ಇಟ್ಟುಕೊಂಡು ಆಡೋದೇ ಒಳ್ಳೆಯದಾ?
(ಹಾಸನ)

ಉತ್ತರ: ಇಂಥದ್ದೇ ಪತ್ರಗಳು ಇನ್ನೂ ಕೆಲವು ಬಂದಿವೆ. ಓದಿ ಸಂಕಟ ಆಯಿತು. ನಿಮ್ಮ ನಡವಳಿಕೆಯಲ್ಲಿ ತಿದ್ದಿಕೊಳ್ಳುವಂಥದ್ದು ಏನೂ ಇಲ್ಲ, ಇದು ಮೊದಲ ಮಾತು.

ಕೈಗೆ ಸಿಗುವ ಉಪಾಯಗಳನ್ನು ಬೇಗ ಹೇಳಿಬಿಡುತ್ತೇನೆ. ತಂಡದಲ್ಲಿ ಆ ಒಬ್ಬನನ್ನು ಮಾತ್ರ ಮ್ಯೂಟ್ ಮಾಡಬಹುದು. ರಿಪೋರ್ಟ್ ಮಾಡಿ, ಒಂದು ರಿಪೋರ್ಟ್‌ನಿಂದ ಏನಾಗುತ್ತೆ ಅಂತ ಬಿಡಬೇಡಿ. ಮ್ಯಾಪ್ ಮೇಲೆ ಗುರುತು ಹಾಕಿ, ಕ್ವಿಕ್ ಚಾಟ್ ಬಳಸಿ ಮಾತೇ ಇಲ್ಲದೆ ಬಹಳಷ್ಟು ಹೇಳಬಹುದು. ಚೆನ್ನಾಗಿ ಆಡಿದ, ಮರ್ಯಾದೆಯಿಂದ ಮಾತಾಡಿದ ಒಬ್ಬರು ಸಿಕ್ಕರೂ ಫ್ರೆಂಡ್ ಲಿಸ್ಟ್‌ಗೆ ಸೇರಿಸಿಕೊಳ್ಳಿ, ಹೀಗೆ ಸೇರಿಸುತ್ತಾ ಹೋದರೆ ಕೆಲವು ತಿಂಗಳಲ್ಲಿ ರ್‍ಯಾಂಡಮ್ ಸ್ಕ್ವಾಡ್ ಬೇಕಾಗುವ ದಿನಗಳೇ ಕಡಿಮೆ ಆಗುತ್ತವೆ. ಮೈಕ್ ಆಫ್ ಇಡುವುದು ನಿಮಗೆ ನೆಮ್ಮದಿ ಕೊಟ್ಟರೆ ಇಡಿ. ಹೆದರಿ ಇಡಬೇಡಿ.

ನನಗೆ ನಿಜವಾಗಿ ಮಾತಾಡಬೇಕಿರುವುದು ಆ ಸ್ಕ್ವಾಡ್‌ನ ಇನ್ನಿಬ್ಬರ ಜೊತೆ. ನಾಲ್ವರಲ್ಲಿ ಒಬ್ಬಳು ನೀವು, ಒಬ್ಬ ಕೆಟ್ಟದಾಗಿ ಮಾತಾಡಿದವನು, ಉಳಿದ ಇಬ್ಬರು ಏನು ಮಾಡುತ್ತಿದ್ದರು? ಸುಮ್ನೆ ಇದ್ದರು, ಇಲ್ಲಾ ನಕ್ಕರು. ಈ ಅಂಕಣ ಓದುವ ಹುಡುಗರೇ, ನೀವು ಆ ಇಬ್ಬರಲ್ಲಿ ಒಬ್ಬರಾಗಿದ್ದರೆ ದಯವಿಟ್ಟು ಒಂದು ಮಾತು ಹೇಳಿ. ಭಾಷಣ ಬೇಡ. 'ಲೇ, ಆಟ ಆಡು, ಅದೆಲ್ಲ ಬೇಡ' ಅಂದರೆ ಸಾಕು. ಸಿಟಿ ಬಸ್ಸಿನಲ್ಲಿ ಹುಡುಗಿಯೊಬ್ಬಳಿಗೆ ಯಾರೋ ತೊಂದರೆ ಕೊಡುವಾಗ ಪಕ್ಕದ ಸೀಟಿನವರು ತಿರುಗಿ ನೋಡಿ ಗದರಿದರೂ ಎಷ್ಟೋ ಸಲ ಅಲ್ಲಿಗೆ ನಿಲ್ಲುತ್ತದೆ. ಆಟದಲ್ಲಂತೂ ನಿಮ್ಮ ಮುಖವೂ ಕಾಣುವುದಿಲ್ಲ, ಹೆದರಲು ಏನಿದೆ? ನಾಕ್ ಆಗಿ ಬಿದ್ದ ಜೊತೆಗಾರನನ್ನು ಗುಂಡಿನ ಮಧ್ಯೆ ತೆವಳಿಕೊಂಡು ಹೋಗಿ ರಿವೈವ್ ಮಾಡಿ ಎಬ್ಬಿಸುವ ಧೈರ್ಯ ನಿಮಗಿದೆ. ಇದಕ್ಕೆ ಅದರ ಅರ್ಧ ಧೈರ್ಯವೂ ಬೇಡ.

ಪ್ರಶ್ನೆ: ಮೇಡಂ, ಮಗನಿಗೆ 15 ವರ್ಷ. ಊಟಕ್ಕೆ ಕರೆದರೆ 'ಮಧ್ಯೆ ಬಿಟ್ಟು ಬರೋಕೆ ಆಗಲ್ಲಮ್ಮಾ' ಅನ್ನುತ್ತಾನೆ. ನಿಜವಾ, ನೆಪವಾ?
(ಗೃಹಿಣಿ, ಮೈಸೂರು)

ಉತ್ತರ: ನಿಜ. ಒಬ್ಬನೇ ಆಡುವ ಆಟವನ್ನು ನಿಲ್ಲಿಸಿ ಬರಬಹುದು. ಬೇರೆಯವರ ಜೊತೆ ಆನ್‌ಲೈನ್ ಆಡುವಾಗ ಆ ಸೌಕರ್ಯ ಸಾಮಾನ್ಯವಾಗಿ ಇರುವುದಿಲ್ಲ, ಅವನು ಎದ್ದು ಬಂದರೆ ಉಳಿದ ಮೂವರು ಒಬ್ಬ ಕಡಿಮೆಯಾಗಿ ಒದ್ದಾಡುತ್ತಾರೆ. ಅವನಿಗೆ ಆ ಮೂವರ ಬಗ್ಗೆ ಕಾಳಜಿ ಇದ್ದರೆ ಅದು ಒಳ್ಳೆಯ ಗುಣವೇ.

ಹಾಗಂತ ಸಾರು ತಣ್ಣಗಾಗಬೇಕಾ? ಬೇಡ. 'ಊಟಕ್ಕೆ ಬಾ' ಅನ್ನುವ ಬದಲು 'ಇದು ಮುಗಿಯಲು ಎಷ್ಟು ನಿಮಿಷ?' ಅಂತ ಕೇಳಿ. ಅವನು ಹೇಳಿದ ಸಮಯಕ್ಕೆ ಬರಬೇಕು. ಊಟಕ್ಕೆ ಹತ್ತು ನಿಮಿಷ ಇದ್ದಾಗ ಹೊಸ ಮ್ಯಾಚ್ ಶುರು ಮಾಡಬಾರದು, ಯಾಕೆಂದರೆ ಅದು ಅರ್ಧ ಗಂಟೆವರೆಗೂ ಎಳೆಯಬಹುದು. ಗೊತ್ತಿದ್ದೂ ಶುರು ಮಾಡಿದರೆ ನಿಮಗೂ ತೊಂದರೆ, ಆ ಮೂವರಿಗೂ ಮೋಸ. ಬಿಜಿಎಂಐ 2023ರಲ್ಲಿ ಮತ್ತೆ ಬಂದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಹಾಕಿತ್ತು. ಮನೆಯ ಮಿತಿ ಅದಕ್ಕಿಂತ ಕಡಿಮೆ ಇದ್ದರೂ ತಪ್ಪಿಲ್ಲ.

ನೀವು ಕೇಳದೆ ಇರುವ ಇನ್ನೊಂದು ವಿಷಯ. ಮೈಕ್ ತೆರೆದೇ ಇದ್ದರೆ ಕುಕ್ಕರ್ ಸೀಟಿ ಮಾತ್ರ ಅಲ್ಲ, 'ಅಪ್ಪ ಇನ್ನು ಮೂರು ದಿನ ಊರಲ್ಲಿ ಇರಲ್ಲ' ಅನ್ನುವ ಮಾತೂ ಗುರುತಿಲ್ಲದವರ ಕಿವಿಗೆ ಹೋಗುತ್ತದೆ. ಮಾತಾಡುವಾಗ ಮಾತ್ರ ಮೈಕ್ ಆನ್ ಮಾಡುವುದನ್ನು ಕಲಿಸಿ. ಸ್ಕೂಲಿನ ಹೆಸರು, ಏರಿಯಾ, ಫೋನ್ ನಂಬರ್ ಆಟದಲ್ಲಿ ಯಾರಿಗೂ ಬೇಡ.

ಪ್ರಶ್ನೆ: ನಾನು ಮಾನ್‌ಸ್ಟರ್ ಹಂಟರ್ ಅನ್ನುವ ದೈತ್ಯ ಪ್ರಾಣಿಗಳ ಬೇಟೆ ಆಟಕ್ಕೆ ಹೊಸಬ. ನಾನು ಬಿದ್ದರೆ ಎಲ್ಲರ ಆಟ ಹೋಗುತ್ತದೆ ಅನ್ನುವ ಭಯಕ್ಕೆ ಯಾರನ್ನೂ ಕರೆಯುವುದೇ ಇಲ್ಲ.
(ಮಂಗಳೂರು)

ಉತ್ತರ: ಕರೆಯಿರಿ. ಸಾಮಾನ್ಯವಾಗಿ ತಂಡ ಒಟ್ಟು ಮೂರು ಸಲ ಬಿದ್ದರೆ ಬೇಟೆಯಲ್ಲಿ ಸೋತಂತೆ, ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ಎಸ್ಒಎಸ್ (ಸಹಾಯದ ಕರೆ) ನೋಡಿ ಬರುವವರು ಸಹಾಯ ಮಾಡಲೆಂದೇ ಬರುತ್ತಾರೆ. ಫೈನಲ್ ಫ್ಯಾಂಟಸಿ 14 ಅನ್ನುವ ಇನ್ನೊಂದು ಆಟದಲ್ಲಿ ತಂಡದಲ್ಲಿ ಮೊದಲ ಸಲ ಬಂದವರಿದ್ದರೆ ಉಳಿದವರಿಗೆ ಬೋನಸ್ ಸಿಗುತ್ತದೆ. ಹೊಸಬರನ್ನು ಹೀಗೆ ಬರಮಾಡಿಕೊಂಡರೆ ಎಷ್ಟು ಚೆಂದ ನೋಡಿ. ಶುರುವಿನಲ್ಲೇ 'ನಾನು ಹೊಸಬ' ಅಂತ ಬರೆಯಿರಿ, ಗಾಯ ವಾಸಿ ಮಾಡುವ ಮದ್ದು ಜಾಸ್ತಿ ಇಟ್ಟುಕೊಳ್ಳಿ, ಎರಡು ಸಲ ಬಿದ್ದಾಗಿದ್ದರೆ ಸ್ವಲ್ಪ ದೂರದಿಂದ ಆಡಿ.

ಪ್ರಶ್ನೆ: ನಾವಿಬ್ಬರು ಕನ್ನಡದವರು, ಟೊರಾಂಟೊದಲ್ಲಿ ಇದ್ದೇವೆ. ಹೆಲ್‌ಡೈವರ್ಸ್ 2 ಆಡುವಾಗ ಇನ್ನಿಬ್ಬರು ರ್‍ಯಾಂಡಮ್ ಆಗಿ ಸೇರುತ್ತಾರೆ. ಮೈಕ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತೇವೆ. ಒಬ್ಬ ಸಿಟ್ಟಾಗಿ ಬಿಟ್ಟು ಹೋದ. ಕನ್ನಡ ಮಾತಾಡಿದ್ದು ತಪ್ಪಾ?

ಉತ್ತರ: ಕನ್ನಡ ಮಾತಾಡಿದ್ದು ತಪ್ಪಲ್ಲ. ದೂರದ ಊರಲ್ಲಿ, ಸಂಜೆ ಕೆಲಸ ಮುಗಿಸಿ, ಗೆಳೆಯನ ಜೊತೆ ಬಾಯ್ತುಂಬ ಕನ್ನಡ ಮಾತಾಡಬೇಕು ಅನ್ನಿಸುವುದು ನನಗೆ ಅರ್ಥವಾಗುತ್ತದೆ. ಆದರೆ ಈ ಆಟದಲ್ಲಿ ನಮ್ಮವರ ಗುಂಡು ನಮ್ಮವರಿಗೂ ತಾಗುತ್ತದೆ. ನೀವು ಆಕಾಶದಿಂದ ಬಾಂಬ್ ಕರೆಸಿ 'ಓಡೋ ಓಡೋ' ಅಂತ ಕೂಗಿದರೆ ನಿಮ್ಮ ಗೆಳೆಯ ಓಡುತ್ತಾನೆ, ಉಳಿದ ಇಬ್ಬರು ಅಲ್ಲೇ ನಿಂತಿರುತ್ತಾರೆ. ಅವರಿಗೆ ಅವಮಾನ ಆಗಿದ್ದು ಭಾಷೆಯಿಂದ ಇರಲಾರದು, ತಾವು ಲೆಕ್ಕಕ್ಕೇ ಇಲ್ಲ ಅನ್ನಿಸಿದ್ದರಿಂದ ಇರಬೇಕು.

ಹರಟೆ ನಿಮ್ಮಿಬ್ಬರದೇ ಕರೆಯಲ್ಲಿ ಇರಲಿ, ಆಟದ ಮೈಕ್ ನಾಲ್ವರದು. ಅಪಾಯ, ದಾರಿ, ವಾಪಸ್ ಹೊರಡುವ ಹೊತ್ತು, ಇಷ್ಟನ್ನು ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ಹೇಳಿ, ಇಲ್ಲವೇ ಗುರುತು ಹಾಕಿ ತೋರಿಸಿ. ಮಾತೇ ಇಲ್ಲದೆಯೂ ಜೊತೆಯಾಗಬಹುದು. 2012ರಲ್ಲಿ ಬಂದ ಜರ್ನಿ ಅನ್ನುವ ಆಟದಲ್ಲಿ ಗುರುತಿಲ್ಲದ ಇಬ್ಬರು ಮರಳುಗಾಡಿನಲ್ಲಿ ಸಿಗುತ್ತಾರೆ, ಮೈಕ್ ಇಲ್ಲ, ಚಾಟ್ ಇಲ್ಲ, ಒಂದು ಸಣ್ಣ ದನಿ ಹೊರಡಿಸಬಹುದು ಅಷ್ಟೇ. ಹಿಮದ ಬೆಟ್ಟ ಹತ್ತುವಾಗ ಚಳಿಗೆ ಹೆಜ್ಜೆ ಭಾರವಾದಾಗ ಒಬ್ಬರಿಗೊಬ್ಬರು ಅಂಟಿಕೊಂಡು ನಡೆಯುತ್ತಾರೆ. ಜೊತೆಗೆ ಬಂದವರ ಹೆಸರು ಕಾಣಿಸುವುದು ಆಟವೆಲ್ಲ ಮುಗಿದ ಮೇಲೆ.

ಮುಂದಿನ ಸಲ ಆ ಇಬ್ಬರು ಸೇರಿದ ಕೂಡಲೇ ಒಂದು ಹಲೋ ಹೇಳಿ, 'ನಾವು ನಮ್ಮ ಭಾಷೆಯಲ್ಲಿ ಮಾತಾಡುತ್ತಿರುತ್ತೇವೆ, ಬೇಕಾದ್ದನ್ನು ಇಂಗ್ಲಿಷ್‌ನಲ್ಲಿ ಹೇಳುತ್ತೇವೆ' ಅನ್ನಿ. ಏನು ಭಾಷೆ ಅಂತ ಕೇಳಿದರೆ ಖುಷಿಯಿಂದ ಹೇಳಿ, 'ಓಡೋ' ಅನ್ನುವುದನ್ನೂ ಕಲಿಸಿ. ಬಾಂಬ್ ಬೀಳುವಾಗ ನಾಲ್ವರಿಗೂ ಉಪಯೋಗಕ್ಕೆ ಬರುತ್ತದೆ.