ಸೋಫಾ ಇರಬೇಕಾ, ಅತ್ತೆಯ ಮಂಚ ಇರಬೇಕಾ?

ಈ ಪ್ರಕರಣ ಬರೆಯೋದಕ್ಕೆ ಆ ಮನೆಯ ಮೂವರೂ ಒಪ್ಪಿದ್ದಾರೆ. ಹೆಸರು, ಕೆಲಸ, ಬಡಾವಣೆ ಬದಲಿಸಿದ್ದೇನೆ. ಮನೆಯ ಅಳತೆಯನ್ನು ಮಾತ್ರ ಹೆಚ್ಚು ಕಡಿಮೆ ಹಾಗೇ ಇಟ್ಟಿದ್ದೇನೆ, ಯಾಕಂದ್ರೆ ಜಗಳ ನಿಂತಿದ್ದೇ ಆ ಅಳತೆಯ ಮೇಲೆ.

ಮಹೇಶ ತಿಪಟೂರಿನ ಕಡೆಯವರು, ಸೌಮ್ಯ ಗದಗದ ಕಡೆಯವರು. ಮದುವೆಯಾಗಿ ಮೂರು ವರ್ಷ. ಬೆಂಗಳೂರಲ್ಲಿ ಮೂರನೇ ಮಹಡಿಯ ಒನ್ ಬಿಎಚ್‌ಕೆ ಬಾಡಿಗೆ ಮನೆ. ಬ್ರೋಕರ್ ಹೇಳಿದ್ದು 550 ಚದರ ಅಡಿ. ಅದು ಗೋಡೆ, ಮೆಟ್ಟಿಲು, ಲಿಫ್ಟಿನ ಪಾಲೆಲ್ಲ ಸೇರಿಸಿದ ಸೂಪರ್ ಬಿಲ್ಟಪ್ ಲೆಕ್ಕ. ಟೇಪ್ ಹಿಡಿದರೆ ಕಾಲಿಡೋಕೆ ಸಿಗೋದು 365ರ ಹತ್ತಿರ: ಹಾಲ್ 10 ಅಡಿಗೆ 14, ಬೆಡ್‌ರೂಮ್ 10ಕ್ಕೆ 11, ಪುಟ್ಟ ಅಡುಗೆಮನೆ, ಬಚ್ಚಲು, ವಾಷಿಂಗ್ ಮಷೀನ್ ಕೂತಿರುವ 4ಕ್ಕೆ 8ರ ಬಾಲ್ಕನಿ. ಇಬ್ಬರಿಗೆ ಸಾಕಾಗುತ್ತಿತ್ತು. ಮಹೇಶನ ತಂದೆ ತೀರಿಕೊಂಡ ಮೇಲೆ ತಾಯಿ ಇಲ್ಲಿಗೇ ಬಂದರು. ಜೊತೆಗೆ ಒಂದು ತೇಗದ ಮಂಚ, ಒಂದು ಟ್ರಂಕು, ಒಂದು ಕಬ್ಬಿಣದ ಬೀರು.

ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಮೊದಲು ಬಂದವರು ಗಂಡ ಹೆಂಡತಿ ಇಬ್ಬರೇ. ಫಾರ್ಮಿನಲ್ಲಿ ಬರೆದಿದ್ದ ಸಮಸ್ಯೆ, "ದಿನಾ ಸಣ್ಣಪುಟ್ಟದಕ್ಕೆ ಜಗಳ." ಸಣ್ಣಪುಟ್ಟ ಅಂದ್ರೆ ಏನು ಅಂತ ಕೇಳಿದೆ. ಸೋಫಾ ಅಂದರು.

"ನಾ ಆ ಸೋಫಾಕ್ಕ ಇನ್ನೂ ಇಎಂಐ ಕಟ್ಟಾಕತ್ತೀನ್ರಿ ಮೇಡಂ," ಸೌಮ್ಯ ಹೇಳಿದರು. "ಅದರ ಮ್ಯಾಲೆ ಮೂರೂ ಹೊತ್ತು ಕಂಬಳಿ, ದಿಂಬು, ಅಮೃತಾಂಜನ. ಯಾರನ್ನರ ಮನೀಗೆ ಕರೀಬೇಕಂದ್ರ ನಾಚಿಕಿ ಬರ್ತೈತಿ."

ಮಹೇಶ ಜಾಸ್ತಿ ಮಾತಾಡಲಿಲ್ಲ. ಕೆದಕಿದಾಗ ಒಂದು ವಿಷಯ ಹೊರಬಂತು. ಆಫೀಸಿಂದ ಬಂದವರು ಮೇಲೆ ಹತ್ತುವ ಮೊದಲು ಪಾರ್ಕಿಂಗ್‌ನಲ್ಲಿ ಕಾರಿನೊಳಗೇ ಅರ್ಧ ಗಂಟೆ ಕೂತಿರುತ್ತಾರಂತೆ. ಸುಮ್ನೆ, ಫೋನೂ ನೋಡದೆ. ಸೌಮ್ಯಗೆ ಅದು ಗೊತ್ತೇ ಇರಲಿಲ್ಲ.

ಮುಂದಿನ ಸಲ ತಾಯಿಯನ್ನೂ ಕರೆಸಿ, ಮೊದಲು ಅವರೊಬ್ಬರ ಹತ್ತಿರವೇ ಮಾತಾಡಿದೆ. ಊಟ, ನಿದ್ದೆ, ಬದುಕು ಸಾಕು ಅನ್ನುವ ಯೋಚನೆ ಬರುತ್ತಾ, ಎಲ್ಲ ಕೇಳಿದೆ. ಗಂಡ ಹೋಗಿ ವರ್ಷ ತುಂಬಿರದ ಹೆಂಗಸಿನ ಹತ್ತಿರ ಇದನ್ನು ಕೇಳದೆ ಮಂಚ, ಸೋಫಾ ಅಂತ ಹೊರಡಬಾರದು. ಮನೆಯಲ್ಲಿ ಬೈಗುಳ, ಹೊಡೆತ ಇದೆಯಾ ಅಂತಲೂ ಕೇಳಬೇಕು. ಅಂಥದ್ದೇನಾದರೂ ಇದ್ದರೆ ದಾರಿಯೇ ಬೇರೆ. (ಓದುತ್ತಿರುವ ನಿಮಗೋ, ನಿಮ್ಮ ಮನೆಯವರಿಗೋ ಬದುಕು ಸಾಕು ಅನ್ನುವ ಯೋಚನೆ ಕಾಡುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.) ಈ ತಾಯಿಗೆ ದುಃಖ ಇತ್ತು, ಆದರೆ ಅದರಿಂದ ಊಟ ನಿದ್ದೆ ಕೆಟ್ಟಿರಲಿಲ್ಲ. ನಿದ್ದೆ ಕೆಡಿಸುತ್ತಿದ್ದದ್ದು ಸೋಫಾ ಮಾತ್ರ.

"ಮೆತ್ತಗಿದೆ ಕಣಮ್ಮ, ಸೊಂಟ ಹಿಡಿಯುತ್ತೆ. ನನ್ನ ಮಂಚ ಬಿಚ್ಚಿ ರೂಮಿನ ಬಾಗಿಲ ಹಿಂದೆ ಒರಗಿಸಿದ್ದಾರೆ. ಮಾರಿಬಿಡೋಣ ಅಂತಾರೆ. ನಮ್ಮ ಯಜಮಾನರು ಕೊನೇ ವರ್ಷ ಪೂರ್ತಿ ಅದರ ಮೇಲೆ ಮಲಗಿದ್ದವರು. ಅದನ್ನೂ ಮಾರಿದ್ಮೇಲೆ ನಾನೇನು, ಚಾಪೆ ಸುತ್ತಿಕೊಂಡು ಮೂಲೆ ಹಿಡಿಯೋದಾ?"

ನನಗೆ ಅನ್ನಿಸಿದ್ದು ಇದು. ಆ ಮನೆಯಲ್ಲಿ ಕೂರೋಕೆ ಎಂಟು ಜನಕ್ಕೆ ಜಾಗ ಇತ್ತು, ಆದರೆ ಮೂವರಲ್ಲಿ ಯಾರೊಬ್ಬರಿಗೂ ತಮ್ಮದು ಅನ್ನುವ ಜಾಗ ಇರಲಿಲ್ಲ. ತಾಯಿ ಹಾಲ್‌ನಲ್ಲಿ ಮಲಗುತ್ತಾರೆ ಅಂತ ಒಂಬತ್ತೂವರೆಗೆ ಟಿವಿ ಆಫ್. ಸೌಮ್ಯ ತವರಿಗೆ ಫೋನ್ ಮಾಡಬೇಕಂದ್ರೆ ವಾಷಿಂಗ್ ಮಷೀನ್‌ಗೆ ಒರಗಿ ನಿಲ್ಲಬೇಕು. ಮಹೇಶನ ಕತೆ ಆಗಲೇ ಹೇಳಿದೆ.

ಹಾಗಾಗಿ ಸೋಫಾ ಇರಲಾ, ಮಂಚ ಇರಲಾ ಅನ್ನುವ ಪಂಚಾಯ್ತಿಗೆ ನಾನು ಕೈ ಹಾಕಲಿಲ್ಲ. ಮೂವರಿಗೂ ಒಂದೊಂದು ಹಾಳೆ ಕೊಟ್ಟೆ. ಬೆಳಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ಯಾವ ಹೊತ್ತಲ್ಲಿ ನಿಮಗೆ ಎಲ್ಲಿ ಇರಬೇಕು ಅನ್ನಿಸುತ್ತೆ, ಅಲ್ಲಿ ಏನು ಬೇಕು, ಬರೆಯಿರಿ ಅಂದೆ. ಬರೆದದ್ದನ್ನು ಒಬ್ಬರು ಓದಬೇಕು, ಕೇಳಿದವರು ತಮ್ಮ ಮಾತಲ್ಲಿ ಅದನ್ನೇ ತಿರುಗಿ ಹೇಳಬೇಕು, ಆಮೇಲೆ ತಮ್ಮದು ಓದಬೇಕು. ತಾಯಿ ಬರೆದದ್ದು ಎರಡೇ ಸಾಲು. ಸೀರೆ ಉಡೋಕೆ ಒಂದು ಮರೆ ಬೇಕು, ಐದು ಗಂಟೆಗೆ ಎದ್ದಾಗ ಯಾರನ್ನೂ ಎಬ್ಬಿಸದೆ ಹಾಕೋಕೆ ಒಂದು ಸಣ್ಣ ದೀಪ ಬೇಕು. ಸೌಮ್ಯ ಅದನ್ನು ತಿರುಗಿ ಹೇಳುವಾಗ ನಡುವೆ ನಿಲ್ಲಿಸಿ, "ನಂಗೂ ಅದ ಬೇಕಾಗೇತ್ರಿ ಅತ್ತಿ, ಒಂದು ಮರೆ," ಅಂದರು. ಆವತ್ತು ಅಷ್ಟಕ್ಕೇ ಎದ್ದೆವು.

ಮುಂದಿನದು ಪೂರ್ತಿ ಸಾಮಾನಿನ ವಿಷಯ. ನಾನು ಇಂಟೀರಿಯರ್ ಡಿಸೈನರ್ ಅಲ್ಲ. ಆದರೆ ಚಿಕ್ಕ ಮನೆಯವರು ಎಷ್ಟೋ ಜನ ಇದೇ ಜಗಳ ಹಿಡಿದು ಬರ್ತಾರೆ, ಟೇಪಿನ ಲೆಕ್ಕ ನನಗೂ ರೂಢಿಯಾಗಿದೆ.

ಏನನ್ನೂ ಕೊಳ್ಳುವ, ಮಾರುವ ಮೊದಲು ಹಾಲ್ ಖಾಲಿ ಮಾಡಿ, ಇಡಬೇಕು ಅಂದುಕೊಂಡ ಪ್ರತಿ ಸಾಮಾನನ್ನೂ ನೆಲದ ಮೇಲೆ ಅದರ ನಿಜವಾದ ಅಳತೆಗೆ ಗೆರೆ ಎಳೆಯಿರಿ, ಎರಡು ದಿನ ಆ ಗೆರೆ ತುಳಿಯದೆ ಓಡಾಡಿ ನೋಡಿ ಅಂದೆ. ನಡೆಯುವ ದಾರಿ ಎರಡೂವರೆ, ಮೂರು ಅಡಿ ಬೇಕು. ಕೂರುವ ಜಾಗಕ್ಕೂ ಟೀಪಾಯ್‌ಗೂ ನಡುವೆ ಒಂದೂವರೆ ಅಡಿ. ಬಾಗಿಲು ಪೂರ್ತಿ ತೆರೆಯಬೇಕು. ನಾನು ಸೀಮೆಸುಣ್ಣ ಸಾಕು ಅಂದಿದ್ದೆ, ತಾಯಿ ರಂಗೋಲಿ ಪುಡಿಯಲ್ಲೇ ಎಳೆದರಂತೆ. ಆ ಕೆಲಸ ಅವರಿಗೇ ಕೊಡಿ ಅಂತ ಮಹೇಶನಿಗೆ ಮೊದಲೇ ಹೇಳಿದ್ದೆ. ಆ ಮನೆಗೆ ಬಂದ ಮೇಲೆ ಯಾವುದು ಎಲ್ಲಿರಬೇಕು ಅಂತ ಅವರನ್ನು ಯಾರೂ ಕೇಳಿರಲಿಲ್ಲ.

ಗೆರೆ ಎಳೆದ ಮೇಲೆ ವಾದಕ್ಕೆ ಏನೂ ಉಳಿಯಲಿಲ್ಲ. ಎಲ್ ಆಕಾರದ ಸೋಫಾ ಒಂದು ಕಡೆ 8 ಅಡಿ, ಇನ್ನೊಂದು ಕಡೆ ಐದೂವರೆ, ಆಳ 3 ಅಡಿ. ಅದಿದ್ದರೆ ಬಾಲ್ಕನಿ ಬಾಗಿಲು ಅರ್ಧವೇ ತೆರೆಯೋದು. ನಾಲ್ಕು ಕುರ್ಚಿಯ ಡೈನಿಂಗ್ ಟೇಬಲ್ ಮೇಲೆ ಇಸ್ತ್ರಿಗೆ ಹಾಕುವ ಬಟ್ಟೆಯ ರಾಶಿ, ಊಟ ಮಾಡೋದು ಟಿವಿ ಮುಂದೆ. ಇವೆರಡನ್ನೂ ಮಾರೋಣ ಅಂತ ಹೇಳಿದವರು ಸೌಮ್ಯನೇ. ಇಎಂಐ ಇನ್ನೂ ಉಳಿದಿದೆ, ನಷ್ಟ ಆಗುತ್ತೆ, ನಿಜ. ಆದರೆ ತಿಂಗಳಿಗೆ ಇಷ್ಟು ಸಾವಿರ ಬಾಡಿಗೆ ಕೊಟ್ಟು ಬಟ್ಟೆ ರಾಶಿಗೆ ಜಾಗ ಮಾಡಿಕೊಡೋದು ಇನ್ನೂ ದೊಡ್ಡ ನಷ್ಟ ಅಲ್ವಾ?

ಹಾಲ್‌ನ ಒಳಗಡೆಯ ಗೋಡೆ 10 ಅಡಿ ಅಗಲ, ಬಾಗಿಲಿಲ್ಲದ ಗೋಡೆ ಅದೊಂದೇ. ತೇಗದ ಮಂಚ ಮೂರಕ್ಕೆ ಆರೂಕಾಲು ಅಡಿ. ಅದನ್ನು ಅಲ್ಲಿ ಜೋಡಿಸಿ, ಕೆಳಗೆ ಟ್ರಂಕು ತಳ್ಳಿ, ಮೇಲೆ ನಾಲ್ಕಿಂಚಿನ ತೆಂಗಿನ ನಾರಿನ ಹಾಸಿಗೆ ಹಾಕಿದರು. ಹಗಲು ಎರಡು ಲೋಡು ಒರಗಿಸಿದರೆ ದಿವಾನ, ರಾತ್ರಿ ಮಂಚ. ಎದುರು ಎರಡು ಬೆತ್ತದ ಕುರ್ಚಿ, ಬೇಕಾದಾಗ ಬಿಡಿಸುವ ಮಡಚು ಟೇಬಲ್.

ಮರೆಗೆ ಪರದೆ. ಇದರಲ್ಲಿ ಸ್ವಲ್ಪ ತಲೆ ಓಡಿಸಬೇಕಾಯ್ತು. ತೂತು ಕೊರೆಯದೆ ಎರಡು ಗೋಡೆಗಳ ನಡುವೆ ಒತ್ತಿ ಕೂರಿಸುವ ಸ್ಪ್ರಿಂಗ್ ರಾಡ್ ಹತ್ತು ಅಡಿಗೆ ನಿಲ್ಲೋದಿಲ್ಲ, ಮಾಮೂಲಿ ರಾಡ್ ಆದರೂ ನಡುವೆ ಜೋತುಬೀಳುತ್ತೆ, ಸೀಲಿಂಗಿನಿಂದ ಒಂದು ಆಧಾರ ಬೇಕು. ಸೀಲಿಂಗಿಗೇ ಅಂಟಿಸಿ ಹಾಕಿದರೆ ಫ್ಯಾನಿನ ಗಾಳಿ ಆ ಕಡೆ ಹೋಗಲ್ಲ, ಅದಕ್ಕೆ ಏಳಡಿ ಎತ್ತರದಲ್ಲಿ ಹಾಕಿ ಮೇಲೆ ಬಿಟ್ಟರು. ಬಾಡಿಗೆ ಮನೆ, ಡ್ರಿಲ್ ಮಾಡಬೇಕು. ಓನರ್‌ಗೆ ಫೋನಿನಲ್ಲಿ ಹೇಳಿ ಬಿಡಬೇಡಿ, ವಾಟ್ಸಾಪ್‌ನಲ್ಲಿ ಕೇಳಿ "ಸರಿ" ಅಂತ ಬರೆಸಿಕೊಳ್ಳಿ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯೋದು ಬೆಂಗಳೂರಲ್ಲಿ ಹೇಗೂ ರೂಢಿ, ತೂತಿಗೆ ಬೇರೆ ಲೆಕ್ಕ ಹಾಕೋದು ಬೇಡ.

ಬೆಳಕಿನ ಬಗ್ಗೆ ನನಗೆ ಸ್ವಲ್ಪ ಹಠವೇ ಇದೆ. ನಮ್ಮ ಮನೆಗಳಲ್ಲಿ ನಡು ಗೋಡೆಗೊಂದು ಬಿಳಿ ಟ್ಯೂಬ್‌ಲೈಟ್ ಹಾಕಿದರೆ ಮುಗಿಯಿತು, ಎಂಥ ಸಾಮಾನು ತಂದರೂ ಮನೆ ರೇಷನ್ ಅಂಗಡಿ ಥರ ಕಾಣುತ್ತೆ. ಅಡುಗೆಗೆ, ಓದೋಕೆ ಆ ಬಿಳಿ ಬೆಳಕೇ ಇರಲಿ. ಸಂಜೆ ಕೂರುವ ಕಡೆ 2700 ಅಥವಾ 3000 ಕೆಲ್ವಿನ್ ಅಂತ ಬರೆದಿರುವ ಹಳದಿ ಎಲ್‌ಇಡಿ ಹಾಕಿ. ತಾಯಿಯ ತಲೆಯ ಹತ್ತಿರ ಒಂದು ಸಣ್ಣ ದೀಪ ಬಂತು, ಸ್ವಿಚ್ ಕೈಗೆ ಸಿಗುವ ಹಾಗೆ.

ಚೆಂದದ ವಿಷಯದಲ್ಲಿ ಸೌಮ್ಯಗೆ ಹೆದರಿಕೆ ಇತ್ತು, ಫೋನಿನಲ್ಲಿ ನೋಡಿಟ್ಟ ಬಿಳೀ ಮನೆಗಳಿಗೂ ಈ ಕಂದು ಮಂಚಕ್ಕೂ ಹೊಂದಲ್ಲ ಅಂತ. ಮರದ ಬಣ್ಣ ಬದಲಿಸೋಕೆ ಹೋಗಬೇಡಿ, ಬಟ್ಟೆಯಲ್ಲಿ ಆಟ ಆಡಿ ಅಂದೆ. ಗೋಡೆ ತಿಳಿ ಬಣ್ಣದ್ದಿದ್ದರೆ ನೆಲಕ್ಕೊಂದು ನವಲಗುಂದದ ಜಮಖಾನ ಸಾಕು, ಅದರ ಕೆಂಪು, ಹಳದಿ, ನವಿಲುಗಳೇ ಇಡೀ ಕೋಣೆಯನ್ನು ಎತ್ತಿ ಕೊಡುತ್ತವೆ. ದಿವಾನದ ಮೇಲೆ ಹಾಸೋಕೆ ಸೌಮ್ಯ ತವರಿನಿಂದ ಕೌದಿ ತರಿಸಿದರು. ಹಳೇ ಸೀರೆ ತುಂಡು ಹೊಲಿದದ್ದು, ಅವರ ಅಜ್ಜಿ ಕೈಯದ್ದು. ಅದಕ್ಕೆ ಹೊಂದುವ ಲೋಡಿನ ಕವರ್ ಆರಿಸಿದ್ದು ಅತ್ತೆ. ಇನ್ನುಳಿದದ್ದು ಸಣ್ಣದು: ಕಿಟಕಿಯ ಪಕ್ಕದ ಗೋಡೆಗೆ ಕನ್ನಡಿ, ಟಿವಿ ಗೋಡೆಗೆ.

ಬಾಲ್ಕನಿಯಲ್ಲಿ ನೀರಿನ ಪೈಪು ಇರೋದರಿಂದ ಮಷೀನ್ ಕದಲಿಸೋಕೆ ಆಗಲ್ಲ. ಅದು ತಿನ್ನೋದು ಎರಡು ಅಡಿ. ಉಳಿದ ಕಡೆ ಬಿದಿರಿನ ಪರದೆ, ಒಂದು ಮಡಚು ಕುರ್ಚಿ. ಒಣಗುವ ಬಟ್ಟೆ ಮೇಲೆ ಎಳೆದು ಕಟ್ಟುವ ಹ್ಯಾಂಗರ್‌ಗೆ ಹೋಯ್ತು. ಅದು ಸೌಮ್ಯಳ ಜಾಗ. ಅವರು ಅಲ್ಲಿ ಕೂತಾಗ ಗ್ಯಾಸ್ ಉರಿಯುತ್ತಿದ್ದರೆ ಬಿಟ್ಟು, ಬೇರೆ ಯಾವುದಕ್ಕೂ ಕರೆಯಬಾರದು ಅಂತ ಮೂವರೂ ಒಪ್ಪಿದರು. ಮಹೇಶ ತಮಗೆ ಏನೂ ಬೇಡ ಅಂದರು. ಬೇಡ ಅನ್ನೋಕೆ ಬಿಡಲಿಲ್ಲ. ಬೆಡ್‌ರೂಮಿನ ಕಿಟಕಿ ಹತ್ತಿರ ಎರಡು ಅಡಿಯ ಟೇಬಲ್ ಅವರದ್ದು, ಅದರ ಮೇಲೆ ಬೇರೆಯವರ ಬಟ್ಟೆ, ಬ್ಯಾಗು ಇಡೋ ಹಾಗಿಲ್ಲ. ಕಾರಿನಲ್ಲಿ ಕೂರೋದು ಪೂರ್ತಿ ನಿಂತಿಲ್ಲವಂತೆ. ಹತ್ತು ನಿಮಿಷಕ್ಕೆ ಇಳಿದಿದೆ, ಈಗ ಮೊದಲೇ ಮೆಸೇಜ್ ಹಾಕ್ತಾರೆ. ಅದನ್ನು ಬಿಡಿಸೋಕೆ ಹೋಗಬೇಡಿ ಅಂತ ಸೌಮ್ಯಗೆ ಹೇಳಿದ್ದೇನೆ.

ಬೀರು ಮಾತ್ರ ಬಗೆಹರಿದಿಲ್ಲ. ಬೆಡ್‌ರೂಮಿನಲ್ಲಿ ಮೂರು ಅಡಿ ಜಾಗ ಹಿಡಿದು ನಿಂತಿದೆ, ಒಳಗೆ ಮಾವನವರ ಪಂಚೆ, ಕೋಟು. ವರ್ಷ ಕಳೆಯಲಿ, ಏನು ಇಟ್ಟುಕೊಳ್ಳಬೇಕು, ಏನು ಕೊಡಬೇಕು ಅಂತ ತಾಯಿಯೇ ಆರಿಸಲಿ, ಅಲ್ಲಿಯವರೆಗೆ ಮಾರೋ ಮಾತು ಎತ್ತಬೇಡಿ ಅಂತ ಮಕ್ಕಳಿಗೆ ಹೇಳಿದೆ. ವರ್ಷಾಬ್ದಿಕ ಮುಗಿಸಿಕೊಂಡು ಬರ್ತೀವಿ ಅಂದಿದ್ದಾರೆ.