ಮೂಗಲ್ಲಿ ರಕ್ತ ಬಂದಾಗೆಲ್ಲ ಇಂಬಳವನ್ನೇ ಬೈಯಬೇಡಿ

ಪ್ರಶ್ನೆ: ಡಾಕ್ಟ್ರೇ, ನಮ್ಮದು ತೀರ್ಥಹಳ್ಳಿ ಹತ್ತಿರ ತೋಟದ ಮನೆ. ನಾಲ್ಕು ವರ್ಷದ ನಾಯಿ ಕರಿಯನಿಗೆ ಮೂರು ದಿನದಿಂದ ಮೂಗಲ್ಲಿ ರಕ್ತ. ಇಂಬಳ (ಕಾಡಿನ ಜಿಗಣೆ) ಹೊಕ್ಕಿದೆ ಅಂತ ಪಕ್ಕದ ಮನೆಯವರು ಹೊಗೆಸೊಪ್ಪಿನ ನೀರು ಬಿಡಲು ಹೇಳಿದರು. ಬಿಟ್ಟರೂ ನಿಂತಿಲ್ಲ. ಊಟ ಬಿಟ್ಟು ಮಲಗಿದೆ. ಏನು ಮಾಡೋಣ?

ಉತ್ತರ: ಮೊದಲು ಆ ಹೊಗೆಸೊಪ್ಪಿನ ನೀರು ನಿಲ್ಲಿಸಿ. ಅದರಲ್ಲಿರುವ ನಿಕೋಟಿನ್ ನಾಯಿಗೆ ವಿಷ.

ಆಮೇಲೆ ಕರಿಯನ ತುಟಿ ಎತ್ತಿ ವಸಡು ನೋಡಿ. ಬೆರಳಿಂದ ಒತ್ತಿ ಬಿಟ್ಟರೆ, ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ವಸಡೇ ಕಪ್ಪಗಿದ್ದರೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಗೆ ನೋಡಿ. ಹೊಟ್ಟೆ ಕೆಳಗೆ ಕೂದಲು ಕಡಿಮೆ ಇರುವ ಕಡೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳಿವೆಯಾ? ವಸಡು ಸುಣ್ಣದ ಹಾಗೆ ಬಿಳಿಚಿದ್ದು, ಇಂಥ ಚುಕ್ಕೆಗಳೂ ಕಂಡರೆ ಉಣುಗು (ಉಣ್ಣೆ) ಜ್ವರದ ಅನುಮಾನವೇ ಜಾಸ್ತಿ. ಚುಕ್ಕೆ ಇಲ್ಲದಿದ್ದರೂ ಊಟ ಬಿಟ್ಟು ಮಲಗಿದ ನಾಯಿಯನ್ನು ಇವತ್ತೇ ಪಶುವೈದ್ಯರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ.

ಉಣುಗು ಕಚ್ಚುವಾಗ ಎರ್ಲಿಕಿಯ ಅನ್ನೋ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತದೆ. ಪ್ಲೇಟ್ಲೆಟ್ ಇಳಿಯುತ್ತದೆ, ರಕ್ತ ಹೆಪ್ಪುಗಟ್ಟುವುದಿಲ್ಲ. ಇದಕ್ಕೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತೇವೆ, 28 ದಿನ. ನಾಲ್ಕನೇ ದಿನಕ್ಕೆ ನಾಯಿ ಬಾಲ ಆಡಿಸಿಕೊಂಡು ಅನ್ನ ತಿನ್ನುತ್ತದೆ, ಮಾತ್ರೆ ಕಪಾಟು ಸೇರುತ್ತದೆ. ನಾನು ನೋಡಿದ ಮಟ್ಟಿಗೆ ಈ ಜ್ವರ ತಿರುಗಿ ಬರುವುದು ಹೆಚ್ಚಾಗಿ ಹೀಗೇ. ಮನೆಯಲ್ಲಿರುವ ಜ್ವರದ ಮಾತ್ರೆ, ನೋವಿನ ಮಾತ್ರೆ ಯಾವುದನ್ನೂ ಕೊಡಬೇಡಿ. ಐಬುಪ್ರೊಫೇನ್‌ನಂಥವು ರಕ್ತಸ್ರಾವವನ್ನು ಇನ್ನೂ ಕೆಡಿಸುತ್ತವೆ.

ಹಾಗಂತ ಇಂಬಳ, ಜಿಗಣೆ ಹೊಗುವುದೇ ಇಲ್ಲ ಅಂತಲ್ಲ. ಹಳ್ಳದ ನೀರು ಕುಡಿಯುವಾಗ ದಾರದಷ್ಟು ಸಣ್ಣ ಜಿಗಣೆ ಮೂಗಿಗೆ ಸೇರಿ, ಅಲ್ಲೇ ರಕ್ತ ಕುಡಿದು ದಪ್ಪ ಆಗುತ್ತದೆ. ಆಗ ನಾಯಿ ಸುಸ್ತಾಗಿ ಮಲಗುವುದು ಕಡಿಮೆ. ಸೀನುತ್ತದೆ, ತಲೆ ಕೊಡವುತ್ತದೆ, ಹೆಚ್ಚಾಗಿ ಒಂದೇ ಹೊಳ್ಳೆಯಿಂದ ಬಿಟ್ಟು ಬಿಟ್ಟು ರಕ್ತ ಬರುತ್ತದೆ. ಚುರುಕಾಗಿರುವ ನಾಯಿಯಾದರೆ ನಾಲ್ಕೈದು ಗಂಟೆ ನೀರು ಕೊಡದೆ ಇಟ್ಟು, ಆಮೇಲೆ ಮೂಗಿನ ಮುಂದೆ ತಣ್ಣೀರಿನ ಬೋಗುಣಿ ಹಿಡಿಯುತ್ತೇವೆ. ಸ್ವಲ್ಪ ಹೊತ್ತಿಗೆ ಕಪ್ಪು ತುದಿಯೊಂದು ಇಣುಕುತ್ತದೆ, ಒಳಗೆ ಹೋಗುತ್ತದೆ, ಮತ್ತೆ ಇಣುಕುತ್ತದೆ. ಬರಿಗೈಲಿ ಹಿಡಿದರೆ ಜಾರುತ್ತೆ, ಒಣ ಬಟ್ಟೆ ಬೇಕು. ಹಿಡಿದವರು ಅವಸರ ಮಾಡಬಾರದು. ಕರಿಯನಿಗೆ ಈ ಪ್ರಯೋಗ ಬೇಡ, ಸುಸ್ತಾದ ನಾಯಿಗೆ ನೀರು ತಪ್ಪಿಸಬಾರದು.

ಇನ್ನು ಉಣುಗಿನ ವಿಷಯ. ನಾಯಿ ಮೈಮೇಲೆ ಕಾಣುವುದು ಸ್ವಲ್ಪ. ಉಳಿದವು ಗೋಡೆ ಬಿರುಕಲ್ಲಿ, ಗೂಡಿನ ಸಂದಿಯಲ್ಲಿ, ಅದು ಮಲಗುವ ಗೋಣಿಚೀಲದಲ್ಲಿ ಇರುತ್ತವೆ. ಒಂದು ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಗೋಣಿ ಸುಟ್ಟುಹಾಕಿ, ಸಂದಿ ಮುಚ್ಚಿಸಿ. ಉಣುಗು ಕೀಳುವಾಗ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಬೇಡ, ಉಗುರಲ್ಲಿ ಹಿಸುಕುವುದೂ ಬೇಡ. ಮನೆಯಲ್ಲಿ ಬೆಕ್ಕಿದ್ದರೆ ನಾಯಿಯ ಉಣುಗಿನ ಔಷಧಿ ಅದಕ್ಕೆ ಹಚ್ಚಬೇಡಿ. ಪರ್ಮೆಥ್ರಿನ್ ಇದ್ದರೆ ಬೆಕ್ಕು ಸತ್ತೇ ಹೋಗಬಹುದು.

ಮಂಗನ ಕಾಯಿಲೆ ಬಗ್ಗೆಯೂ ನನ್ನನ್ನು ತುಂಬಾ ಜನ ಕೇಳುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಗೊತ್ತಾದ ಕಾಯಿಲೆ ಅದು, ನಮ್ಮ ಜಿಲ್ಲೆಯದೇ. ನಾಯಿ ಮುಟ್ಟಿದರೆ ಬರುವುದಿಲ್ಲ. ಸೋಂಕಿರುವ ಕಾಡಿನ ಉಣುಗು ಕಚ್ಚಿದರೆ ಬರುತ್ತದೆ. ಆದರೆ ಕಾಡು ಸುತ್ತಿ ಬಂದ ನಾಯಿ ಅಂಥ ಉಣುಗನ್ನು ಜಗುಲಿ ತನಕ ತರಬಹುದು, ಅಲ್ವಾ? ಬಂದ ಕೂಡಲೇ ಕಿವಿ, ಬೆರಳು ಸಂದಿ ನೋಡಿಬಿಡಿ.

ಪ್ರಶ್ನೆ: ಸಾಗರದಲ್ಲಿ ಮನೆ ಕಟ್ಟಿದ್ದೇವೆ. ಮಗನಿಗೆ ಹಸ್ಕಿ ಬೇಕಂತೆ, ನನಗೆ ಮುಧೋಳ ಇಷ್ಟ. ಯಾವುದು ಒಳ್ಳೆಯದು?

ಉತ್ತರ: ಹಸ್ಕಿ ಬೇಡ. ಹಿಮದಲ್ಲಿ ಗಾಡಿ ಎಳೆಯುವ ನಾಯಿಗೆ ಎರಡು ಪದರ ಕೂದಲು. ನಮ್ಮ ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ, ಕೆಳಗೆ ಚರ್ಮ ಹುಣ್ಣಾಗುತ್ತದೆ.

ಮುಧೋಳ ಚೆಂದದ ನಾಯಿ. 2005ರಲ್ಲಿ ಅಂಚೆ ಚೀಟಿ ಮೇಲೂ ಬಂದಿದೆ. ಆದರೆ ಅದು ಬಾಗಲಕೋಟೆ ಕಡೆಯ ಬಯಲಲ್ಲಿ ಓಡುವ ಬೇಟೆ ನಾಯಿ. ಚಿಕ್ಕ ಅಂಗಳದಲ್ಲಿ ಕಟ್ಟಿಹಾಕಿದರೆ ಅದಕ್ಕೂ ಹಿಂಸೆ, ಬಿಟ್ಟರೆ ನೆರೆಮನೆ ಕೋಳಿಗೂ ಹಿಂಸೆ. ಕೂದಲು ಗಿಡ್ಡ, ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಬೇಕು. ಪಕ್ಕೆಲುಬು ಸ್ವಲ್ಪ ಕಾಣುವುದೇ ಅದರ ಅಂದ, ತುಪ್ಪ ಸುರಿದು ದಪ್ಪ ಮಾಡಬೇಡಿ. ಆಪರೇಷನ್ ಏನಾದರೂ ಇದ್ದರೆ ಮುಧೋಳ ಅಂತ ಮೊದಲೇ ಹೇಳಿ. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಇಂಥ ನಾಯಿಗಳಿಗೆ ಕೆಲವು ಅರಿವಳಿಕೆ ಇಳಿಯುವುದು ನಿಧಾನ.

ನನ್ನನ್ನೇ ಕೇಳಿದರೆ ಊರ ನಾಯಿಮರಿ ತನ್ನಿ ಅಂತೀನಿ. ಅದಕ್ಕೂ ಆರರಿಂದ ಎಂಟು ವಾರಕ್ಕೆ ವಾಂತಿ-ಭೇದಿ ತರುವ ಪಾರ್ವೊ ಕಾಯಿಲೆಯ ಲಸಿಕೆ ಶುರುವಾಗಬೇಕು, ಮೂರು ತಿಂಗಳಿಗೆ ರೇಬೀಸ್. ಊರ ನಾಯಿಗೆ ಏನೂ ಆಗಲ್ಲ ಅನ್ನೋದು ಸುಮ್ನೆ ಮಾತು.

ಪ್ರಶ್ನೆ: ಭದ್ರಾವತಿಯ ನಮ್ಮ ಲ್ಯಾಬ್ರಡಾರ್ ಮಳೆಗಾಲ ಬಂದರೆ ಕಿವಿ ಕೆರೆದುಕೊಳ್ಳುತ್ತದೆ, ವಾಸನೆ. ಬಿಸಿ ಕೊಬ್ಬರಿ ಎಣ್ಣೆ ಬಿಡಬಹುದಾ?

ಉತ್ತರ: ಬೇಡ. ಜೋತ ಕಿವಿಯೊಳಗೆ ಮೊದಲೇ ಗಾಳಿ ಆಡುವುದಿಲ್ಲ, ಎಣ್ಣೆ ಬಿಟ್ಟರೆ ಬೂಷ್ಟು ಇನ್ನೂ ಬೆಳೆಯುತ್ತದೆ. ಸ್ನಾನ ಆದಮೇಲೆ ಹತ್ತಿಯಿಂದ ಹೊರಗಡೆ ಒರೆಸಿ, ಕಡ್ಡಿ ಒಳಗೆ ಹಾಕಬೇಡಿ. ವಾಸನೆ ಬರುತ್ತಿದೆ ಅಂದಮೇಲೆ ಕಿವಿಯೊಳಗಿನ ಪರದೆ (ತಮಟೆ) ಸರಿ ಇದೆಯಾ ಅಂತ ವೈದ್ಯರು ನೋಡಿಯೇ ಡ್ರಾಪ್ಸ್ ಬರೆಯಬೇಕು. ಹೋದ ವರ್ಷದ ಬಾಟಲಿ ಉಳಿದಿದ್ದರೆ ಅದನ್ನು ಎಸೆಯಿರಿ.