ಸ್ಕಂದಗಿರಿ, ನಂದಿಬೆಟ್ಟ ಹತ್ತಿ ಅಭ್ಯಾಸ ಇದೆ. ಜನವರಿಯಲ್ಲಿ ಹಿಮಾಲಯದ ಟ್ರೆಕ್‌ಗೆ ಹೋದರೆ ಹಿಮಕುಸಿತದ ಭಯ ಇದೆಯಾ?

ಇದೆ. ಸ್ಕಂದಗಿರಿ ಹತ್ತಿ ಕಾಲು ಗಟ್ಟಿಯಾಗಿರಬಹುದು, ಆದರೆ ಹಿಮದ ಲೆಕ್ಕವೇ ಬೇರೆ.

ಹಿಮ ಜಾರೋದು ಜಾಸ್ತಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ನೀವು ನಿಂತ ಜಾಗ ಸಮತಟ್ಟಾಗಿದ್ದರೂ ತಲೆ ಮೇಲೆ ಅಂಥ ಇಳಿಜಾರು ಇದ್ದರೆ ಅಪಾಯವೇ. ಜೋರಾಗಿ ಹಿಮ ಬಿದ್ದ ಮೇಲಿನ ಒಂದೆರಡು ದಿನ ಇನ್ನೂ ಕೆಟ್ಟದ್ದು, ಹೊಸ ಪದರ ಹಳೆಯದಕ್ಕೆ ಸರಿಯಾಗಿ ಕಚ್ಚಿಕೊಂಡಿರಲ್ಲ. ಆಗಲೇ ಬಿಸಿಲು ಬರುತ್ತೆ, ಫೋಟೋ ಚೆನ್ನಾಗಿ ಬರುತ್ತೆ, ಎಲ್ಲರಿಗೂ ಹೊರಡೋ ಆತುರ! ಹೆಜ್ಜೆ ಇಟ್ಟಾಗ ಕೆಳಗೆ ‘ಧಪ್’ ಅಂತ ಸದ್ದಾಯಿತೇ, ಶೂ ಮುಂದೆ ಬಿರುಕು ಓಡಿತೇ, ಇನ್ನೊಂದು ಹೆಜ್ಜೆ ಬೇಡ. ಬಂದ ದಾರಿಯಲ್ಲೇ ವಾಪಸ್.

ಅನುಮಾನದ ಇಳಿಜಾರನ್ನು ಗುಂಪಾಗಿ ದಾಟಬೇಡಿ. ಒಬ್ಬರು ದಾಟಲಿ, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ನೋಡುತ್ತಿರಲಿ. ಹೂತುಹೋದವರು ಬದುಕುವ ಸಾಧ್ಯತೆ ಸುಮಾರು 15 ನಿಮಿಷದ ನಂತರ ಸರ್ರನೆ ಇಳಿಯುತ್ತೆ. ಹೊರಗಿನ ಸಹಾಯ ಅಷ್ಟರಲ್ಲಿ ಬರಲ್ಲ, ಪಕ್ಕದವರೇ ಅಗೆಯಬೇಕು. ಅದಕ್ಕೇ ಪ್ರತಿಯೊಬ್ಬರ ಬಳಿ ಟ್ರಾನ್ಸೀವರ್ (ಹೂತವರು ಎಲ್ಲಿದ್ದಾರೆ ಅಂತ ರೇಡಿಯೋ ಸಿಗ್ನಲ್‌ನಿಂದ ತೋರಿಸುವ ಸಾಧನ), ಪ್ರೋಬ್ ಕೋಲು (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಇರಬೇಕು, ಬಳಸಿ ಗೊತ್ತಿರಬೇಕು.

ಬುಕ್ ಮಾಡುವಾಗ ಆಯೋಜಕರನ್ನು ಒಂದೇ ಮಾತು ಕೇಳಿ: ಹಿಮ ಜಾಸ್ತಿ ಬಿದ್ದರೆ ಟ್ರೆಕ್ ನಿಲ್ಲಿಸುತ್ತೀರಾ? ‘ನೋಡೋಣ ಸರ್’ ಅಂದರೆ ಬೇರೆಯವರನ್ನು ಹುಡುಕಿ.